ರಕ್ತನಾಳದ ಒಳಮೈ ಮತ್ತು ಪ್ರಯೋಗಶಾಲೆಯ ಸಹಾಯಕ

ಎದೆನೋವಿನ ತೊಂದರೆಯುಳ್ಳ ಹಿರಿಯರಿರುವ ಮನೆಗಳಲ್ಲಿ, ನಾಲಗೆಯ ಕೆಳಗೆ ಇಟ್ಟುಕೊಳ್ಳುವ ಪುಟ್ಟ ಮಾತ್ರೆಯ ಪರಿಚಯ ಎಲ್ಲರಿಗೂ ಇರುತ್ತದೆ. ಮದುವೆಗೆ ಹೊರಟರೂ ಜಾತ್ರೆಗೆ ಹೊರಟರೂ ಅದು ಜೇಬಿನಲ್ಲಿ ಇದೆಯೇ ಎಂದು ಮನೆಯವರು ಒಮ್ಮೆ ವಿಚಾರಿಸಿಯೇ ಬಾಗಿಲು ದಾಟುವರು. ಹಿಂಡುತ್ತಿದ್ದ ಎದೆ ಮಾತ್ರೆ ಕರಗಿದ ಕೆಲವೇ ನಿಮಿಷಗಳಲ್ಲಿ ಸಡಿಲಗೊಳ್ಳುತ್ತದೆ. ಈ ವರ್ಗದ ಔಷಧಗಳಲ್ಲಿ ಹಿರಿಯದಾದ ನೈಟ್ರೊಗ್ಲಿಸರಿನ್ ಎದೆನೋವಿಗೆ ಉಪಯುಕ್ತವೆಂದು ಲಂಡನ್ನಿನ ವೈದ್ಯ ವಿಲಿಯಂ ಮರೆಲ್ ಅವರು ಪ್ರಕಟಿಸಿದ್ದು 1879ರಲ್ಲಿ. ಅಲ್ಲಿಂದ ಮುಂದೆ ಸುಮಾರು ನೂರು ವರ್ಷ ವೈದ್ಯರು ಅದನ್ನು ಕೊಡುತ್ತಲೇ ಬಂದರು. ರೋಗಿಗಳು ಗುಣ ಕಾಣುತ್ತಲೇ ಬಂದರು. ಆದರೆ ಆ ಮಾತ್ರೆ ಶರೀರದೊಳಗೆ ಮಾಡುವುದಾದರೂ ಏನು ಎಂಬುದು ಕೊಟ್ಟವರಿಗೂ ತಿಳಿದಿರಲಿಲ್ಲ, ತೆಗೆದುಕೊಂಡವರಿಗೂ ತಿಳಿದಿರಲಿಲ್ಲ. ತಿಳಿದದ್ದು ಹೇಗೆ, ಅದರಲ್ಲಿ ಯಾರ ಯಾರ ಕೈ ಇತ್ತು ಎಂಬುದನ್ನು ಈ ತಿಂಗಳು ನಿವೇದಿಸಬಯಸುತ್ತೇವೆ.

ನೈಟ್ರೊಗ್ಲಿಸರಿನ್ ಎಂಬುದು ಬಂಡೆ ಸಿಡಿಸುವ ಡೈನಮೈಟಿನ ಮೂಲವಸ್ತುವೂ ಹೌದು. ಅದನ್ನು ತಯಾರಿಸುವ ಕಾರ್ಖಾನೆಗಳ ಕೂಲಿಕಾರರಿಗೆ ರಜೆ ಮುಗಿಸಿ ಸೋಮವಾರ ಕೆಲಸಕ್ಕೆ ಬಂದೊಡನೆ ತಲೆ ಸಿಡಿಯುವಷ್ಟು ನೋವು ಬರುತ್ತಿತ್ತು. ವಾರ ಕಳೆದಂತೆ ಅದು ತಗ್ಗುತ್ತಿತ್ತು. ಗಾಳಿಯಲ್ಲಿದ್ದ ಆ ವಸ್ತು ಅವರ ತಲೆಯ ರಕ್ತನಾಳಗಳನ್ನು ಹಿಗ್ಗಿಸುತ್ತಿದ್ದುದೇ ಕಾರಣ. ಡೈನಮೈಟನ್ನು ಕಂಡುಹಿಡಿದ ಆಲ್ಫ್ರೆಡ್ ನೊಬೆಲ್ ಅವರಿಗೇ ಮುಪ್ಪಿನಲ್ಲಿ ಹೃದಯದ ಬೇನೆ ಬಂದಾಗ ವೈದ್ಯರು ಬರೆದುಕೊಟ್ಟದ್ದು ಇದೇ ನೈಟ್ರೊಗ್ಲಿಸರಿನ್. ವಿಧಿಯ ಈ ವಿಡಂಬನೆಯನ್ನು ಕುರಿತು ಅವರು 1896ರಲ್ಲಿ, ತಾವು ತೀರಿಕೊಳ್ಳುವುದಕ್ಕೆ ಕೆಲವು ವಾರಗಳ ಮುಂಚೆ, ತಮ್ಮ ಸಹಾಯಕರಿಗೆ ಪತ್ರ ಬರೆದಿದ್ದರು. ಅವರ ಹೆಸರಿನ ಬಹುಮಾನ ನಮ್ಮ ಈ ಕಥೆಯಲ್ಲಿ ಮುಂದೆ ಮತ್ತೊಮ್ಮೆ ಬರಲಿದೆ.

ಅಮೆರಿಕದ ನ್ಯೂಯಾರ್ಕ್ ನಗರದ ಭಾಗವಾದ ಬ್ರೂಕ್ಲಿನ್‌ನಲ್ಲಿ ರಾಜ್ಯ ವಿಶ್ವವಿದ್ಯಾಲಯಕ್ಕೆ ಸೇರಿದ ಒಂದು ವೈದ್ಯಕೀಯ ಕೇಂದ್ರವಿದೆ. ರಾಬರ್ಟ್ ಫರ್ಚ್‌ಗಾಟ್ ಅವರು 1956ರಲ್ಲಿ ಅಲ್ಲಿನ ಔಷಧಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ ಬಂದರು. ರಕ್ತನಾಳ ಬಿಗಿಯುವುದೇಕೆ, ಸಡಿಲುವುದೇಕೆ ಎಂಬುದೇ ಅವರ ಜೀವನದ ಪ್ರಶ್ನೆ. ಇಂಥ ಪ್ರಯೋಗಶಾಲೆಯ ದಿನಚರಿ ನೋಡಿದವರಿಗೆ ಅಷ್ಟೇನೂ ಬೆರಗು ಹುಟ್ಟಿಸುವಂಥದಲ್ಲ. ಹೃದಯದಿಂದ ಹೊರಡುವ ಮಹಾಪಧಮನಿಯ ಒಂದು ತುಣುಕನ್ನು ಮೊಲದಿಂದ ತೆಗೆದು, ಅಂಟಿಕೊಂಡ ಕೊಬ್ಬನ್ನು ಬಿಡಿಸಿ, ಪಟ್ಟಿಯಂತೆಯೋ ಬಳೆಯಂತೆಯೋ ಕತ್ತರಿಸಬೇಕು. ಲವಣಗಳ ದ್ರಾವಣ ತುಂಬಿದ ಗಾಜಿನ ಪಾತ್ರೆಯಲ್ಲಿ, ಶರೀರದಷ್ಟೇ ಬೆಚ್ಚಗೆ, ಅಂದರೆ 37 ಡಿಗ್ರಿಯಲ್ಲಿ, ಆಮ್ಲಜನಕದ ಗುಳ್ಳೆಗಳನ್ನು ಹಾಯಿಸುತ್ತ ಅದನ್ನು ತೂಗುಬಿಡಬೇಕು. ಹನಿ ಔಷಧ ಹಾಕಿದಾಗ ನಾಳ ಬಿಗಿದರೆ ಲೇಖನಿ ಕಾಗದದ ಮೇಲೆ ಏರುತ್ತದೆ; ಸಡಿಲಿದರೆ ಇಳಿಯುತ್ತದೆ. ಬಳಿಕ ಪಾತ್ರೆಯನ್ನು ತೊಳೆದು ಮತ್ತೊಂದು ಔಷಧ. ಮತ್ತೆ ತೊಳೆಯುವುದು. ಬೆಳಗಿನಿಂದ ಸಂಜೆಯವರೆಗೆ ಇದೇ ಕೆಲಸ, ವರ್ಷಗಟ್ಟಲೆ.

ಮೊಲದ ಪ್ರಾಣದ ಮಾತು ಬಂದಾಗ ನಮ್ಮ ಮನೆಗಳ ಓದುಗರ ಮನಸ್ಸು ನೋಯುವುದು ಸಹಜ. ನಮಗೂ ನೋವಿದೆ. ಅದನ್ನು ಬದಿಗಿಟ್ಟು ಕಥೆ ಹೇಳುವುದು ಸುಲಭವಿತ್ತು; ಆದರೆ ಅಜ್ಜನ ಎದೆಯನ್ನು ಸಡಿಲಿಸುವ ಮಾತ್ರೆಯ ಅರ್ಥ ತಿಳಿದದ್ದು ಈ ದಾರಿಯಿಂದಲೇ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ.

ಫರ್ಚ್‌ಗಾಟ್ ಅವರನ್ನು ಒಂದು ಒಗಟು ಬಹುಕಾಲ ಕಾಡಿತ್ತು. ಅಸಿಟೈಲ್‌ಕೋಲಿನ್ ಎಂಬ ವಸ್ತುವನ್ನು ಜೀವಂತ ಪ್ರಾಣಿಯ ರಕ್ತಕ್ಕೆ ಸೇರಿಸಿದರೆ ನಾಳಗಳು ಹಿಗ್ಗಿ ರಕ್ತದೊತ್ತಡ ಇಳಿಯುತ್ತದೆ. ಅದೇ ವಸ್ತುವನ್ನು ಪಾತ್ರೆಯಲ್ಲಿ ತೂಗುಬಿಟ್ಟ ಮೊಲದ ನಾಳದ ಪಟ್ಟಿಗೆ ಹಾಕಿದರೆ ಅದು ಬಿಗಿಯುತ್ತದೆ ಎಂದು ಅವರೇ 1953ರಲ್ಲಿ ಪ್ರಕಟಿಸಿದ್ದರು. ಶರೀರದಲ್ಲಿ ಒಂದು ಗುಣ, ಪಾತ್ರೆಯಲ್ಲಿ ತದ್ವಿರುದ್ಧ ಗುಣ! ಇಪ್ಪತ್ತೈದು ವರ್ಷ ಈ ಗಂಟು ಹಾಗೆಯೇ ಉಳಿಯಿತು.

1978ರ ಮೇ 5ರಂದು ಡೇವಿಡ್ ಡೇವಿಡ್‌ಸನ್ ಎಂಬ ಪ್ರಯೋಗಶಾಲಾ ಸಹಾಯಕರು ನಾಳದ ಬಳೆಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. ಮುಖ್ಯಸ್ಥರು ಹಾಕಿಕೊಟ್ಟ ಕ್ರಮ ಹೀಗಿತ್ತು: ಮೊದಲು ನಾರ್‌ಎಪಿನೆಫ್ರಿನ್ ಹಾಕಿ ನಾಳವನ್ನು ಬಿಗಿಸಬೇಕು, ಅದನ್ನು ತೊಳೆದು ತೆಗೆಯಬೇಕು, ಅನಂತರ ಅಸಿಟೈಲ್‌ಕೋಲಿನ್‌ನ ಜಾತಿಯದೇ ಆದ ಕಾರ್ಬಕಾಲ್ ಎಂಬುದನ್ನು ಹಾಕಬೇಕು. ಡೇವಿಡ್‌ಸನ್ ಅವರು ನಡುವೆ ತೊಳೆಯುವುದನ್ನು ಬಿಟ್ಟು ಕಾರ್ಬಕಾಲ್ ಹಾಕಿಬಿಟ್ಟರು. ಏರಿ ನಿಂತಿದ್ದ ಲೇಖನಿ ಇನ್ನಷ್ಟು ಏರುವುದಕ್ಕೆ ಬದಲಾಗಿ ಕೆಳಗಿಳಿಯಿತು. ಬಿಗಿದಿದ್ದ ನಾಳ ಸಡಿಲಿತ್ತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕೆನಿಸುತ್ತದೆ. ತಪ್ಪಾಯಿತೆಂದು ಆ ಕಾಗದವನ್ನು ಹರಿದು ಬುಟ್ಟಿಗೆ ಹಾಕಿ, ಹೊಸ ಬಳೆ ತೂಗುಬಿಟ್ಟು, ಕ್ರಮದಂತೆ ಮತ್ತೊಮ್ಮೆ ಮಾಡಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಯಜಮಾನನ ಮುಖಕ್ಕೆ ಹೆದರಿ ಹಾಗೆ ಮಾಡುವವರೇ ಹೆಚ್ಚು. ಅಂಗಡಿಯಲ್ಲಿ, ಕಚೇರಿಯಲ್ಲಿ, ಹೊಲದಲ್ಲಿ ನಾವು ನಿತ್ಯ ಕಾಣುವುದೂ ಅದನ್ನೇ. ಆ ಪ್ರಯೋಗಶಾಲೆಯಲ್ಲಿ ಕಾಗದ ಉಳಿಯಿತು, ಮುಖ್ಯಸ್ಥರ ಕಣ್ಣಿಗೂ ಬಿತ್ತು. ಅರುವತ್ತೆರಡರ ಹೊಸ್ತಿಲಲ್ಲಿದ್ದ ಆ ವಿದ್ವಾಂಸರು ತಾವು ಕಾಲು ಶತಮಾನ ಹಿಂದೆ ಅಚ್ಚಾಗಿಸಿದ ಮಾತಿಗೆ ವಿರುದ್ಧವಾದುದನ್ನು ಕಂಡೂ ಅಲ್ಲಗಳೆಯಲಿಲ್ಲ. ಸಹಾಯಕನಿಗೆ ಹೀಗೆ ನಿರ್ಭಯವಾಗಿ ತೋರಿಸಲು ಎಡೆ ಕೊಟ್ಟ ಮನೆಯ ವಾತಾವರಣವೇ ಅರ್ಧ ಸಂಶೋಧನೆ ಎಂದು ನಮ್ಮ ಎಣಿಕೆ.

ಹಾಗಾದರೆ ಹಳೆಯ ಪಟ್ಟಿಗಳು ಏಕೆ ಸಡಿಲುತ್ತಿರಲಿಲ್ಲ? ಜೊತೆಗೆ ದುಡಿಯುತ್ತಿದ್ದ ಜಾನ್ ಜವಾಡ್ಸ್ಕಿ ಅವರೊಡನೆ ಫರ್ಚ್‌ಗಾಟ್ ಹುಡುಕಿದರು. ಉತ್ತರ ಸಿಕ್ಕಿದ್ದು ಕೈಕೆಲಸದಲ್ಲಿ. ಪಟ್ಟಿ ಕತ್ತರಿಸುವಾಗ ನಾಳದ ಒಳಮೈ ಬೆರಳಿಗೋ ಕಾಗದಕ್ಕೋ ಉಪಕರಣಕ್ಕೋ ಉಜ್ಜಿ, ಅಲ್ಲಿದ್ದ ಎಂಡೊಥೀಲಿಯಂ ಎಂಬ ಪದರ ಅರಿವಿಲ್ಲದೆ ಅಳಿಸಿಹೋಗುತ್ತಿತ್ತು. ಒಂದೇ ಒಂದು ಜೀವಕೋಶದಷ್ಟು ದಪ್ಪದ ಪದರವದು. ಹಾಲಿನ ಮೇಲಣ ಕೆನೆಯೂ ಅದರ ಮುಂದೆ ಕಂಬಳಿಯಂತೆ. ಬಳೆಯಾಗಿ ಕತ್ತರಿಸಿದಾಗ ಒಳಮೈ ಉಜ್ಜಿಕೊಳ್ಳದೆ ಪದರ ಉಳಿಯುತ್ತಿತ್ತು. ಬೇಕೆಂದೇ ಮೆಲ್ಲಗೆ ಉಜ್ಜಿ ನೋಡಿದರು. ಸಡಿಲುವ ಗುಣ ಹೋಯಿತು. ಉಜ್ಜದೆ ಎಚ್ಚರದಿಂದ ಪಟ್ಟಿ ಕತ್ತರಿಸಿದರು, ಗುಣ ಮರಳಿತು. ಕೊನೆಗೆ ಪದರ ಅಳಿಸಿದ ಪಟ್ಟಿಯ ಒಳಮೈಗೆ ಪದರವಿರುವ ಪಟ್ಟಿಯ ಒಳಮೈಯನ್ನು ತಾಗಿಸಿ ಜೋಡಿಸಿದಾಗ, ಪದರವಿಲ್ಲದ ಪಟ್ಟಿಯೂ ಸಡಿಲಿತು. ಎಂದರೆ ಆ ತೆಳುಪದರ ಏನನ್ನೋ ಹೊರಸೂಸುತ್ತಿದೆ, ಅದು ಪಕ್ಕದ ಸ್ನಾಯುವಿಗೆ ಹರಿದುಹೋಗುತ್ತಿದೆ. 1980ರಲ್ಲಿ ಇಬ್ಬರ ಹೆಸರಿನಲ್ಲಿ ಇದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಿಯವರೆಗೆ ಬಹುಮಟ್ಟಿಗೆ ಗೋಡೆಯ ಸುಣ್ಣದಂತೆ ಬರಿಯ ಒಳಹೊದಿಕೆ ಎಂದೆಣಿಸಿದ್ದ ಪದರ, ನಾಳವನ್ನೇ ಆಳುವ ಜೀವಂತ ಅಂಗವೆಂದು ತಿಳಿಯಿತು.

ಹೊರಸೂಸುವ ಆ ವಸ್ತು ಯಾವುದು? 1986ರಲ್ಲಿ ಫರ್ಚ್‌ಗಾಟ್ ಅವರೂ ಲಾಸ್ ಏಂಜಲೀಸಿನ ಲೂಯಿ ಇಗ್ನಾರೊ ಅವರೂ ಒಂದೇ ಸಮ್ಮೇಳನದಲ್ಲಿ, ತಮ್ಮ ತಮ್ಮ ಪ್ರಯೋಗಗಳ ಆಧಾರದ ಮೇಲೆ, ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವಿರಬೇಕೆಂದು ಸೂಚಿಸಿದರು. ವಾಹನಗಳ ಹೊಗೆಯಲ್ಲಿರುವ ಅನಿಲವೇ ಅದು! ಕೇಳಿದವರು ಬೆರಗಾದದ್ದರಲ್ಲಿ ಆಶ್ಚರ್ಯವಿಲ್ಲ. ಹುಟ್ಟಿದ ಕೆಲವೇ ಕ್ಷಣಗಳಲ್ಲಿ ಅದು ಅಳಿದುಹೋಗುವುದರಿಂದ ಹಿಡಿದು ಅಳೆಯುವುದು ಬಲು ಕಷ್ಟ. ಇಂಗ್ಲೆಂಡಿನ ಬೆಕೆನ್‌ಹ್ಯಾಮ್‌ನಲ್ಲಿದ್ದ ವೆಲ್‌ಕಮ್ ಪ್ರಯೋಗಶಾಲೆಯಲ್ಲಿ ಹೊಂಡುರಾಸ್ ದೇಶದ ಸಾಲ್ವಡಾರ್ ಮೊಂಕಾಡಾ ಅವರ ತಂಡ 1987ರಲ್ಲಿ ಅದನ್ನೂ ಸಾಧಿಸಿತು. ಆ ಪದರದ ಕೋಶಗಳಿಂದ ಹೊರಬರುವ ಅನಿಲವನ್ನು ಅಳೆದು, ಕಾಣುವ ಪರಿಣಾಮಕ್ಕೆ ಅದು ಸಾಲುತ್ತದೆಂದು ತೋರಿಸಿತು.

ಮಾತ್ರೆಯ ಗುಟ್ಟೂ ಇದರೊಡನೆ ಬಿಚ್ಚಿಕೊಂಡಿತು. ನೈಟ್ರೊಗ್ಲಿಸರಿನ್ ನೈಟ್ರಿಕ್ ಆಕ್ಸೈಡನ್ನು ಬಿಡುಗಡೆ ಮಾಡಿ ತನ್ನ ಗುಣ ತೋರುತ್ತದೆಂದು ಫೆರಿದ್ ಮುರಾದ್ ಅವರು 1977ರಲ್ಲಿಯೇ ಕಂಡಿದ್ದರು. ಶರೀರ ತಾನೇ ತಯಾರಿಸಿಕೊಳ್ಳುವ ವಸ್ತುವನ್ನೇ ಮಾತ್ರೆ ಹೊರಗಿನಿಂದ ಒದಗಿಸುತ್ತಿದೆ ಎಂಬುದು ಈಗ ಸ್ಪಷ್ಟವಾಯಿತು. ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟಿನ ಹೊಗೆ ಇವು ಮೊದಲು ಕೆಡಿಸುವುದು ಈ ಒಳಪದರವನ್ನೇ. ಪದರ ಕೆಟ್ಟ ನಾಳವೂ ಮಾತ್ರೆಗೆ ಓಗೊಡುತ್ತದೆ, ಏಕೆಂದರೆ ಮಾತ್ರೆಗೆ ಪದರದ ಹಂಗಿಲ್ಲ. ಪ್ರಸಂಗವಶಾತ್ ಒಂದು ಮಾತು: ನಾಳಗಳು ಹಿಗ್ಗಿ ರಕ್ತದೊತ್ತಡ ತಟ್ಟನೆ ಇಳಿಯುವುದರಿಂದ, ಅದನ್ನು ನಿಂತು ತೆಗೆದುಕೊಳ್ಳದೆ ಕುಳಿತೇ ತೆಗೆದುಕೊಳ್ಳಬೇಕು. ಹಿರಿಯರಿಗೆ ಹೇಳಿರಿ. ಹುಟ್ಟುತ್ತಲೇ ಶ್ವಾಸಕೋಶದ ನಾಳಗಳು ತೆರೆಯದೆ ನೀಲಿಗಟ್ಟುವ ಹಸುಗೂಸುಗಳಿಗೂ ಈ ಅನಿಲವನ್ನು ಅಳೆದು ಉಸಿರಿನೊಡನೆ ಕೊಡುವ ಚಿಕಿತ್ಸೆಗೆ ಅಮೆರಿಕದಲ್ಲಿ 1999ರಲ್ಲಿ ಅನುಮತಿ ದೊರೆಯಿತು.

1998ರ ನೊಬೆಲ್ ಬಹುಮಾನ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಈ ಮೂವರಿಗೆ ಸಂದಿತು. ಒಂದು ಬಹುಮಾನ ಮೂವರಿಗಿಂತ ಹೆಚ್ಚು ಮಂದಿಗೆ ಹಂಚಿಕೆಯಾಗಬಾರದೆಂಬ ನಿಯಮದ ಹೊರಗೆ ಮೊಂಕಾಡಾ ಉಳಿದರು. ಅನೇಕ ವಿಜ್ಞಾನಿಗಳು ಇದನ್ನು ಅನ್ಯಾಯವೆಂದರು. ನಾಲ್ಕನೆಯವರಾಗಿ ಅವರನ್ನೂ ಸೇರಿಸಬಹುದಿತ್ತೆಂದು ಬಹುಮಾನ ಪಡೆದ ಫರ್ಚ್‌ಗಾಟ್ ಅವರೇ ಹೇಳಿದರು. ಗೆದ್ದವರ ಬಾಯಿಂದ ಬಂದ ಈ ಮಾತು ನಮಗೆ ಬಹುಮಾನಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಕೇಳುತ್ತ ಬೆಳೆದವರು ನಾವು. ಆದರೂ ಪ್ರಯೋಗಶಾಲೆ ಎಂದೊಡನೆ ಮುಖ್ಯಸ್ಥರ ಹೆಸರೊಂದೇ ನಮ್ಮ ನಾಲಗೆಗೆ ಬರುತ್ತದೆ. ಪಾತ್ರೆ ತೊಳೆದವರು, ನಾಳ ಕತ್ತರಿಸಿದವರು, ಕಾಗದ ಕಾಯ್ದವರು ಯಾರೆಂದು ಕೇಳುವುದಿಲ್ಲ. ಫರ್ಚ್‌ಗಾಟ್ ಅವರು 2009ರಲ್ಲಿ, ತಮ್ಮ 92ನೆಯ ವಯಸ್ಸಿನಲ್ಲಿ ತೀರಿಕೊಂಡರು. 1998ರ ಡಿಸೆಂಬರ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ ಅವರು ಮಾಡಿದ ಉಪನ್ಯಾಸ ಮುದ್ರಿತವಾಗಿದೆ. ಕ್ರಮ ತಪ್ಪಿದ ಆ ಮೇ ತಿಂಗಳ ಪ್ರಯೋಗದ ವಿವರ ಅದರಲ್ಲಿದೆ, ಮಾಡಿದವರ ಹೆಸರೂ ಇದೆ: ಡೇವಿಡ್ ಡೇವಿಡ್‌ಸನ್.