ಚಳಿಗಾಲದ ಮುನ್ನೋಟವನ್ನು ಓದುವುದು ಹೇಗೆ?

ಮಕ್ಕಳು ಪರದೇಶಕ್ಕೆ ಹೋದ ಮೇಲೆ ತಾಯಂದಿರು ಕಲಿಯುವ ಹೊಸ ಪಾಠಗಳಲ್ಲಿ ಭೂಗೋಳವೂ ಒಂದು. ಹಿಂದೆ ದಮ್ಮಾಮ್, ದುಬೈಗಳ ಬಿಸಿಲಿನ ಲೆಕ್ಕ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿತ್ತು. ಈಗ ಅಮೆರಿಕದ ಹಿಮದ ಲೆಕ್ಕವೂ ಸೇರಿಕೊಂಡಿದೆ. ಓದಲೆಂದೋ ಕೆಲಸಕ್ಕೆಂದೋ ಮಗ, ಮಗಳು ಅಥವಾ ಅಳಿಯ ಅಲ್ಲಿದ್ದರೆ, ಆ ಊರಿನ ಹೆಸರನ್ನು ಸರಿಯಾಗಿ ಉಚ್ಚರಿಸಲು ಬಾರದಿದ್ದರೂ ಅಲ್ಲಿ ಇಂದು ಎಷ್ಟು ಚಳಿಯೆಂದು ಉಮ್ಮನಿಗೆ ಗೊತ್ತಿರುತ್ತದೆ. ಅಕ್ಟೋಬರ್ ಬಂತೆಂದರೆ ಒಂದು ಸುದ್ದಿ ಮನೆಯಿಂದ ಮನೆಗೆ ಹರಡುತ್ತದೆ: "ಈ ಸಲ ಅಲ್ಲಿ ಚಳಿ ಜಾಸ್ತಿಯಂತೆ." ಕೇಳಿದ ತಾಯಿಯ ನಿದ್ದೆ ಹಾರಿಹೋಗುತ್ತದೆ. "ಈ ಸಲ ಚಳಿ ಕಡಿಮೆಯಂತೆ" ಎಂದರೆ ನೆಮ್ಮದಿ. ಈ ಭಯ, ಈ ನೆಮ್ಮದಿ ಎರಡಕ್ಕೂ ಎಷ್ಟು ಆಧಾರವಿದೆ? ಒಂದು ಊರನ್ನೇ ಉದಾಹರಣೆಯಾಗಿಟ್ಟುಕೊಂಡು ನೋಡೋಣ.

ಅಮೆರಿಕದ ನಕ್ಷೆಯಲ್ಲಿ ನಡುಭಾಗದಿಂದ ಉತ್ತರಕ್ಕೆ ಹರಡಿರುವ ರಾಜ್ಯಗಳಿಗೆ ಮಿಡ್‌ವೆಸ್ಟ್ ಎನ್ನುತ್ತಾರೆ. ಅದರಲ್ಲಿ ಮಿನ್ನೆಸೋಟ ಒಂದು ರಾಜ್ಯ. ಅದರ ಉತ್ತರದ ಅಂಚಿನಲ್ಲಿ ಇಂಟರ್‌ನ್ಯಾಷನಲ್ ಫಾಲ್ಸ್ ಎಂಬ ಸಣ್ಣ ಪಟ್ಟಣವಿದೆ. ಪಕ್ಕದಲ್ಲೇ ರೇನಿ ನದಿ ಹರಿಯುತ್ತದೆ. ಸೇತುವೆ ದಾಟಿದರೆ ಕೆನಡಾ. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಸುಮಾರು 5,800. ಅಂದರೆ ನಮ್ಮ ಒಂದು ದೊಡ್ಡ ಗ್ರಾಮದಷ್ಟು. ಕಾಗದದ ಕಾರ್ಖಾನೆ, ಕಾಡಿನ ಮರ, ಸರೋವರದ ಮೀನು ಮತ್ತು ಪ್ರವಾಸಿಗರು - ಇವೇ ಊರಿನ ಬದುಕು.

ಆದರೆ ಆ ಊರು ಪ್ರಸಿದ್ಧವಾಗಿರುವುದು ಚಳಿಗೆ. ಜನವರಿಯ ರಾತ್ರಿಗಳಲ್ಲಿ ಅಲ್ಲಿ ಸಾಮಾನ್ಯವಾಗಿಯೇ ಸೊನ್ನೆಗಿಂತ ಸುಮಾರು 20 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತದೆ. ನಮ್ಮ ಫ್ರಿಜ್‌ನಲ್ಲಿ ಐಸ್ ಆಗುವ ಮೇಲಿನ ಖಾನೆಯನ್ನು ನೆನಪಿಸಿಕೊಳ್ಳಿ. ಅದಕ್ಕಿಂತಲೂ ಹೆಚ್ಚು ತಣ್ಣಗೆ! ವರ್ಷಕ್ಕೆ ಸುಮಾರು 70 ಇಂಚು ಹಿಮ ಬೀಳುತ್ತದೆ. 1909ರ ಜನವರಿಯಲ್ಲಿ ಸೊನ್ನೆಗಿಂತ 48 ಡಿಗ್ರಿ ಕೆಳಗಿನ ಚಳಿ ದಾಖಲಾಗಿತ್ತು. 'ದೇಶದ ಐಸ್‌ಪೆಟ್ಟಿಗೆ' ಎಂಬ ಬಿರುದಿಗಾಗಿ ಈ ಊರು ಕೊಲರಾಡೋ ರಾಜ್ಯದ ಫ್ರೇಸರ್ ಎಂಬ ಇನ್ನೊಂದು ಊರಿನೊಡನೆ ವರ್ಷಗಟ್ಟಲೆ ಜಗಳವಾಡಿ, 2008ರಲ್ಲಿ ಅದನ್ನು ತನ್ನ ಹೆಸರಿಗೆ ನೋಂದಾಯಿಸಿಕೊಂಡಿತು. ಅದೇ ವರ್ಷದ ಫೆಬ್ರವರಿಯಲ್ಲಿ ಪಾದರಸ ಸೊನ್ನೆಗಿಂತ 40 ಡಿಗ್ರಿ ಕೆಳಗಿಳಿದು ಬಿರುದನ್ನು ಖಾತ್ರಿಪಡಿಸಿತು!

ಇಂಥ ಊರಿಗೆ "ಈ ಸಲ ಚಳಿಗಾಲ ಹೇಗೆ?" ಎಂಬ ಪ್ರಶ್ನೆ ಹರಟೆಯ ವಿಷಯವಲ್ಲ. ಮನೆ ಬೆಚ್ಚಗಿಡಲು ಎಷ್ಟು ಖರ್ಚಾದೀತು, ಸೌದೆ ಎಷ್ಟು ಒಟ್ಟಬೇಕು, ರಸ್ತೆಯ ಹಿಮ ತೆಗೆಯಲು ಪುರಸಭೆ ಎಷ್ಟು ಹಣ ತೆಗೆದಿಡಬೇಕು ಎಂಬುದೆಲ್ಲ ಅದರಲ್ಲಿ ಅಡಗಿದೆ. ಹಿಂದಿನವರು ಉತ್ತರವನ್ನು ಪ್ರಕೃತಿಯಲ್ಲಿ ಹುಡುಕುತ್ತಿದ್ದರು. ಮೈತುಂಬ ರೋಮವಿರುವ ಒಂದು ಕಂಬಳಿಹುಳುವಿನ ನಡುವಿನ ಕಂದು ಪಟ್ಟಿ ಅಗಲವಾಗಿದ್ದರೆ ಚಳಿ ಹಗುರ, ಕಪ್ಪು ಹೆಚ್ಚಿದ್ದರೆ ಚಳಿ ಕಠಿಣ ಎಂಬ ನಂಬಿಕೆ ಅಲ್ಲಿ ಈಗಲೂ ಇದೆ. ಇರುವೆಗಳು ಮೊಟ್ಟೆ ಹೊತ್ತು ಸಾಗಿದರೆ ಮಳೆ ಬರುತ್ತದೆಂದು ನಮ್ಮ ಅಜ್ಜಿಯರು ಹೇಳುತ್ತಿರಲಿಲ್ಲವೇ? ಹಾಗೆಯೇ. ಆದರೆ ಆ ಹುಳುವಿನ ಬಣ್ಣ ಹೇಳುವುದು ಅದರ ವಯಸ್ಸನ್ನು ಮತ್ತು ಅದು ಬೆಳೆದ ದಿನಗಳ ಕಥೆಯನ್ನು. ಅಂದರೆ ಕಳೆದುಹೋದುದನ್ನೇ ಹೊರತು ಬರಲಿರುವುದನ್ನಲ್ಲ.

ಇಂದು ಈ ಕೆಲಸವನ್ನು ಅಮೆರಿಕ ಸರಕಾರದ ಹವಾಮಾನ ಮುನ್ಸೂಚನಾ ಕೇಂದ್ರ ಮಾಡುತ್ತದೆ. ಪ್ರತಿವರ್ಷ ಅಕ್ಟೋಬರ್ ನಡುವಿನಲ್ಲಿ ಅದು ಡಿಸೆಂಬರ್, ಜನವರಿ, ಫೆಬ್ರವರಿ ತಿಂಗಳುಗಳ ಮುನ್ನೋಟವನ್ನು ನಕ್ಷೆಯ ರೂಪದಲ್ಲಿ ಪ್ರಕಟಿಸುತ್ತದೆ. ಕಿತ್ತಳೆ ಬಣ್ಣವಿದ್ದಲ್ಲಿ ಬೆಚ್ಚಗಿರುವ ಸಾಧ್ಯತೆ, ನೀಲಿ ಇದ್ದಲ್ಲಿ ಚಳಿ ಹೆಚ್ಚಿರುವ ಸಾಧ್ಯತೆ.

ಎಡವುವುದು ಇಲ್ಲೇ. 'ಸಾಧ್ಯತೆ' ಎಂಬ ಪದವನ್ನು ನಾವು ನುಂಗಿಬಿಡುತ್ತೇವೆ. ತರಗತಿಯಲ್ಲಿ ಮಕ್ಕಳಿಗೆ ಹೇಳುವಂತೆ ಹೇಳುವುದಾದರೆ, 1991ರಿಂದ 2020ರ ವರೆಗಿನ 30 ಚಳಿಗಾಲಗಳನ್ನು ಸಾಲಾಗಿ ನಿಲ್ಲಿಸಿ. ಅತಿ ಚಳಿಯ ಹತ್ತು ಒಂದು ಗುಂಪು, ನಡುವಿನ ಹತ್ತು ಇನ್ನೊಂದು, ಬೆಚ್ಚಗಿನ ಹತ್ತು ಮೂರನೆಯದು. ಏನೂ ಸುಳಿವಿಲ್ಲದಿದ್ದರೆ ಮುಂದಿನ ಚಳಿಗಾಲ ಈ ಮೂರರಲ್ಲಿ ಯಾವುದಕ್ಕೂ ಸೇರಬಹುದು. ಒಂದೊಂದಕ್ಕೂ ಶೇ. 33ರಷ್ಟು ಅವಕಾಶ. ಈಗ ನಕ್ಷೆಯಲ್ಲಿ "ಚಳಿ ಹೆಚ್ಚಿರುವ ಸಾಧ್ಯತೆ ಶೇ. 40" ಎಂದು ಬಂತೆನ್ನಿ. ಉಳಿದ ಶೇ. 60 ಎಲ್ಲಿ ಹೋಯಿತು? ಶೇ. 33 ವಾಡಿಕೆಯ ಚಳಿಗೆ, ಶೇ. 27 ಬೆಚ್ಚಗಿನ ಚಳಿಗಾಲಕ್ಕೆ. ಅಂದರೆ ತಕ್ಕಡಿ ಒಂದು ಕಡೆಗೆ ಸ್ವಲ್ಪ ವಾಲಿದೆ, ಅಷ್ಟೆ. "ಈ ಸಲ ಚಳಿ ಜಾಸ್ತಿಯಂತೆ" ಎಂಬ ಸುದ್ದಿಯ ನಿಜವಾದ ತೂಕ ಇಷ್ಟೇ.

ಈ ತಕ್ಕಡಿಯನ್ನು ವಾಲಿಸುವುದು ಯಾವುದು? ಮುಖ್ಯವಾಗಿ ಸಾವಿರಾರು ಮೈಲಿ ದೂರದ ಪೆಸಿಫಿಕ್ ಸಾಗರ. ಅದರ ನಡುಭಾಗದ ನೀರು ವಾಡಿಕೆಗಿಂತ ಬಿಸಿಯಾದರೆ ಎಲ್ ನಿನೊ, ತಣ್ಣಗಾದರೆ ಲಾ ನಿನಾ. ಎಲ್ ನಿನೊ ಇದ್ದಾಗ ಆಕಾಶದ ಎತ್ತರದಲ್ಲಿ ಬೀಸುವ ಬಿರುಗಾಳಿಯ ದಾರಿ ಬದಲಾಗಿ, ಕೆನಡಾದ ಕೊರೆಯುವ ಗಾಳಿ ಮಿನ್ನೆಸೋಟಕ್ಕೆ ಇಳಿಯುವುದು ಕಡಿಮೆಯಾಗುತ್ತದೆ. ಲಾ ನಿನಾ ಇದ್ದಾಗ ಹೆಚ್ಚುತ್ತದೆ. ಪ್ರತಿಸಲವೂ ಅಲ್ಲ, ಬಹಳ ಸಲ.

ಸಹೋದರಿಯರೇ, ಈ ವಿದ್ಯೆಯ ಬೇರು ನಮ್ಮ ನೆಲದಲ್ಲಿದೆ ಎಂಬುದು ಅನೇಕರಿಗೆ ತಿಳಿದಿಲ್ಲ. 1876-78ರ ಘೋರ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ಲಕ್ಷಗಟ್ಟಲೆ ಜನರನ್ನು ಕಳೆದುಕೊಂಡಿತು. ಮಳೆ ಕೈಕೊಡುವುದನ್ನು ಮೊದಲೇ ತಿಳಿಯಲು ಸಾಧ್ಯವೇ ಎಂಬ ಪ್ರಶ್ನೆ ಆಗ ದೊಡ್ಡದಾಯಿತು. 1904ರಿಂದ 1924ರ ವರೆಗೆ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ನಮ್ಮ ಮುಂಗಾರಿನ ಗುಟ್ಟನ್ನು ಹುಡುಕುತ್ತಾ ಹೋಗಿ, ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ಮೇಲಿನ ವಾಯುಭಾರ ಏತದಂತೆ ಮೇಲೆ ಕೆಳಗೆ ಆಡುವುದನ್ನು ಕಂಡುಹಿಡಿದರು. ಆ ಏತ ಎಲ್ ನಿನೊದ ಜೊತೆಗಾರ ಎಂಬುದು ಆಮೇಲೆ ಸ್ಪಷ್ಟವಾಯಿತು. ಹಸಿದವರ ದೇಶದಲ್ಲಿ ಹುಟ್ಟಿದ ಪ್ರಶ್ನೆಯೇ ಇಂದು ಇಂಟರ್‌ನ್ಯಾಷನಲ್ ಫಾಲ್ಸ್‌ನ ಚಳಿಯನ್ನು ಅಂದಾಜು ಮಾಡಲು ನೆರವಾಗುತ್ತಿದೆ.

2023ನ್ನು ನೆನಪಿಸಿಕೊಳ್ಳಿ. ಎಲ್ ನಿನೊ ಬಲವಾಗುತ್ತಿದ್ದ ಆ ವರ್ಷ ನಮ್ಮಲ್ಲಿ ಮುಂಗಾರು ಕೈಕೊಟ್ಟಿತು. ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಅದೇ ವರ್ಷದ ಅಕ್ಟೋಬರ್‌ನ ಮುನ್ನೋಟ, ಅಮೆರಿಕದ ಉತ್ತರ ಭಾಗ ಬೆಚ್ಚಗಿರುವ ಸಾಧ್ಯತೆ ಹೆಚ್ಚು ಎಂದಿತು. ಹಾಗೆಯೇ ಆಯಿತು. 2023-24ರ ಚಳಿಗಾಲ ಮಿನ್ನೆಸೋಟದ ದಾಖಲೆಯಲ್ಲೇ ಅತಿ ಬೆಚ್ಚಗಿನದು.

ಹಾಗಾದರೆ ಜನ ಖುಷಿಪಟ್ಟರೇ? ಬಿಸಿಯೂಡುವ ಖರ್ಚು ಉಳಿಯಿತು ನಿಜ. ಆದರೆ ಹೆಪ್ಪುಗಟ್ಟಿದ ಸರೋವರದ ಮೇಲೆ ತೂತು ಕೊರೆದು ಮೀನು ಹಿಡಿಯುವವರನ್ನು ನಂಬಿದ ವಸತಿಗೃಹಗಳಿಗೆ ಗಿರಾಕಿಗಳಿಲ್ಲ. ಹಿಮವಿಲ್ಲದೆ ರಾಜ್ಯದ ಪ್ರಸಿದ್ಧ ನಾಯಿಬಂಡಿ ಓಟವೇ ರದ್ದಾಯಿತು. ಕಾಡಿನ ಜೌಗುನೆಲ ಗಟ್ಟಿಯಾದರೆ ಮಾತ್ರ ಲಾರಿ ಒಳಹೋಗಿ ಮರ ತರಲು ಸಾಧ್ಯ. ನೆಲ ಹೆಪ್ಪುಗಟ್ಟದಿದ್ದರೆ ಮರ ಕಡಿಯುವವರ ಕೈ ಖಾಲಿ. ದೂರದಲ್ಲಿ ಕುಳಿತ ನಮಗೆ ಚಳಿ ಬರೀ ಶತ್ರು. ಅಲ್ಲಿನವರಿಗೆ ಅದು ಅನ್ನವೂ ಹೌದು. ನಮಗೆ ಮಳೆಗಾಲ ಹೇಗೋ ಹಾಗೆ.

ಇನ್ನೊಂದು ಮುಖ್ಯ ಮಾತು. ಮುನ್ನೋಟ ಹೇಳುವುದು ಮೂರು ತಿಂಗಳ ಸರಾಸರಿಯನ್ನು. ಸರಾಸರಿ ಯಾರನ್ನೂ ಕೊಲ್ಲುವುದಿಲ್ಲ. ಕೊಲ್ಲುವುದು ಒಂದು ದಿನ, ಕೆಲವೊಮ್ಮೆ ಒಂದು ಮಧ್ಯಾಹ್ನ. 1888ರ ಜನವರಿ 12ರಂದು ಮಿನ್ನೆಸೋಟ, ಡಕೋಟ, ನೆಬ್ರಾಸ್ಕಗಳ ಬಯಲಿನಲ್ಲಿ ಬೆಳಗ್ಗೆ ಹವೆ ಹಿತವಾಗಿತ್ತು. ಎಷ್ಟೋ ದಿನಗಳ ಚಳಿಯ ನಂತರ ಬಿಸಿಲು ಕಂಡು ಮಕ್ಕಳು ದಪ್ಪ ಕೋಟು ಬಿಟ್ಟು ಶಾಲೆಗೆ ಹೋದರು. ಹಗಲಲ್ಲೇ ಹಿಮಬಿರುಗಾಳಿ ಗೋಡೆಯಂತೆ ಬಂದೆರಗಿತು. ಸತ್ತವರು ಸುಮಾರು 235 ಮಂದಿ ಎಂದು ಅಂದಾಜು. ಅವರಲ್ಲಿ ಅನೇಕರು ಶಾಲೆಯಿಂದ ಮನೆಗೆ ಹೊರಟ ಮಕ್ಕಳು. ಚಳಿ ಬರಲಿದೆ ಎಂಬ ಸೂಚನೆ ಹವಾಮಾನದವರಲ್ಲಿ ಇತ್ತು. ಆದರೆ ತಂತಿ ಇದ್ದ ಪಟ್ಟಣಗಳನ್ನು ದಾಟಿ, ಹೊಲಗಳ ನಡುವಿನ ಒಂಟಿ ಶಾಲೆಗಳಿಗೆ ಅದನ್ನು ಮುಟ್ಟಿಸುವ ದಾರಿ ಇರಲಿಲ್ಲ.

ಅದರ ಪಕ್ಕದಲ್ಲಿ 2014ರ ಜನವರಿಯನ್ನಿಟ್ಟು ನೋಡಿ. ಸೋಮವಾರ, 6ನೇ ತಾರೀಕು ಪ್ರಾಣಾಪಾಯದ ಚಳಿ ಬರುತ್ತದೆಂದು ತಿಳಿದು, ಮಿನ್ನೆಸೋಟದ ಗವರ್ನರ್ ಮಾರ್ಕ್ ಡೇಟನ್ ಮೂರು ದಿನ ಮೊದಲೇ, ಶುಕ್ರವಾರವೇ, ರಾಜ್ಯದ ಎಲ್ಲ ಸರಕಾರಿ ಶಾಲೆಗಳಿಗೆ ರಜೆ ಸಾರಿದರು. ಮಳೆಗಾಲದಲ್ಲಿ ನಮ್ಮ ಜಿಲ್ಲಾಧಿಕಾರಿಗಳು ರಜೆ ಕೊಡುವುದಿಲ್ಲವೇ, ಹಾಗೆ. ಮಕ್ಕಳನ್ನು ಉಳಿಸುವುದು ಅಕ್ಟೋಬರ್‌ನ ಬಣ್ಣದ ನಕ್ಷೆಯಲ್ಲ, ಎರಡು ಮೂರು ದಿನ ಮೊದಲು ಬರುವ ಎಚ್ಚರಿಕೆ ಮತ್ತು ಅದನ್ನು ಕೇಳಿಸಿಕೊಂಡು ತೀರ್ಮಾನ ಕೈಗೊಳ್ಳುವ ಹಿರಿಯರು. 2024ರ ಅಕ್ಟೋಬರ್‌ನಿಂದ ಅಲ್ಲಿ ಈ ಎಚ್ಚರಿಕೆಯ ಹೆಸರು 'ಎಕ್ಸ್‌ಟ್ರೀಮ್ ಕೋಲ್ಡ್ ವಾರ್ನಿಂಗ್' ಎಂದಾಗಿದೆ. ಮಕ್ಕಳ ಫೋನಿಗೆ ಅದು ಬಂದ ದಿನ ಅನಗತ್ಯವಾಗಿ ಹೊರಗೆ ಕಾಲಿಡಬಾರದು.

ಹಾಗೆಂದು ಮುನ್ನೋಟ ನಿಷ್ಪ್ರಯೋಜಕವೇ? ಖಂಡಿತ ಅಲ್ಲ. ಅದು ಸಿದ್ಧತೆಯ ಕಾಗದ, ಎಚ್ಚರಿಕೆ ಆ ದಿನದ ಆಜ್ಞೆ. ನಮ್ಮ ಹಿರಿಯರು ಮೇ ತಿಂಗಳಲ್ಲೇ ಸೌದೆ ಒಟ್ಟಿ, ಒಣಮೀನು ಡಬ್ಬಿಗೆ ತುಂಬಿ, ಮಾಡಿನ ಹಂಚು ಸರಿಪಡಿಸುತ್ತಿದ್ದರು. ಮಳೆ ಯಾವ ತಾರೀಕಿಗೆ ಜೋರಾಗುತ್ತದೆಂದು ಅವರಿಗೆ ತಿಳಿದಿತ್ತೇ? ಬಾಯಾರಿದ ಮೇಲೆ ಬಾವಿ ತೋಡಬಾರದೆಂದು ತಿಳಿದಿತ್ತು. ಮಿನ್ನೆಸೋಟದ ಕಾನೂನಿನಲ್ಲೂ ಈ ವಿವೇಕವಿದೆ. ಅಕ್ಟೋಬರ್ 1ರಿಂದ ಏಪ್ರಿಲ್ 30ರ ವರೆಗೆ, ಬಿಲ್ಲು ಪೂರ್ತಿ ಕಟ್ಟಲಾಗದ ಮನೆಯವರು ಕಂತಿನಲ್ಲಿ ಕಟ್ಟುವ ಒಪ್ಪಂದ ಮಾಡಿಕೊಂಡರೆ, ಮನೆ ಬೆಚ್ಚಗಿಡುವ ವಿದ್ಯುತ್ತು, ಗ್ಯಾಸು ಕಡಿಯುವಂತಿಲ್ಲ. ಆ ವರ್ಷದ ನಕ್ಷೆ ಕಿತ್ತಳೆಯೋ ನೀಲಿಯೋ ಎಂದು ಈ ಕಾನೂನು ಕೇಳುವುದಿಲ್ಲ.

ಆದ್ದರಿಂದ ಮುಂದಿನ ಅಕ್ಟೋಬರ್‌ನಲ್ಲಿ ಸುದ್ದಿ ಯಾವುದೇ ಬರಲಿ, ಮಕ್ಕಳಿಗೆ ಫೋನ್ ಮಾಡಿದಾಗ ಕೇಳಬೇಕಾದ ಪ್ರಶ್ನೆಗಳು ಒಂದೇ. ಒಂದರ ಮೇಲೊಂದು ಹಾಕಿಕೊಳ್ಳುವ ಉಡುಪು, ಕಿವಿ ಮುಚ್ಚುವ ಟೋಪಿ, ಕೈಗವಸು ಇದೆಯೇ? ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿಗೆ ಗಾಳಿಯೂ ಸೇರಿದರೆ ಮುಚ್ಚದ ಚರ್ಮ ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ. ಕಾರಿನಲ್ಲಿ ಕಂಬಳಿ, ಟಾರ್ಚು, ಸಲಿಕೆ, ಒಂದಿಷ್ಟು ತಿನಿಸು ಇಟ್ಟಿದ್ದೀಯಾ? ಹಿಮದಲ್ಲಿ ಕಾರು ಸಿಕ್ಕಿಬಿದ್ದರೆ ಅದನ್ನು ಬಿಟ್ಟು ನಡೆಯಬಾರದು, ಹೊಗೆ ಕೊಳವೆ ಹಿಮದಿಂದ ಮುಚ್ಚಿಹೋಗದಂತೆ ನೋಡಿಕೊಳ್ಳಬೇಕೆಂದು ಗೊತ್ತೇ? ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸುವುದಿಲ್ಲ ತಾನೇ? ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಮನೆಯಲ್ಲಿ ಅದನ್ನು ಪತ್ತೆಹಚ್ಚುವ ಯಂತ್ರ ಕೆಲಸ ಮಾಡುತ್ತಿದೆಯೇ?

ಇವಕ್ಕೆ "ಹೌದು ಉಮ್ಮಾ" ಎಂಬ ಉತ್ತರ ಬಂದರೆ, ನಕ್ಷೆ ನೀಲಿಯಾದರೂ ನೀವು ನಿದ್ದೆ ಮಾಡಬಹುದು. ಉತ್ತರ ಬಾರದಿದ್ದರೆ, ನಕ್ಷೆ ಕಿತ್ತಳೆಯಾದರೂ ಇನ್ನೊಮ್ಮೆ ಫೋನ್ ಮಾಡಿ.