ಗೈಡಿನ ಬಾಲ ಬಿಡಿ, ಕಂಪಾಸ್ ಹಿಡಿಯಿರಿ

ಕಂಪಾಸ್ ಅಂದ ಕೂಡಲೇ ನಮ್ಮ ಜನಕ್ಕೆ ನೆನಪಾಗುವುದು ಶಾಲೆಯ ಜಾಮಿಟ್ರಿ ಬಾಕ್ಸು. ನಾನು ಹೇಳಹೊರಟಿದ್ದು ಅದಲ್ಲ, ಉತ್ತರ ದಿಕ್ಕು ತೋರಿಸುವ ಮುಳ್ಳಿನ ಕಂಪಾಸು. ಅದೂ ಸಮುದ್ರದಡಿಯಲ್ಲಿ ಬಳಸುವಂಥದ್ದು.

ಮುಂಬಯಿ-ಪುಣೆಯ ನಮ್ಮ ಕನ್ನಡಿಗ ಗೆಳೆಯರಲ್ಲಿ ಸ್ಕೂಬಾ ಡೈವಿಂಗ್ ಹುಚ್ಚು ಹತ್ತಿಸಿಕೊಂಡವರು ಕಡಿಮೆಯೇನಿಲ್ಲ. ಕೊಂಕಣ ರೈಲು ಹತ್ತಿ ಕುಡಾಳದಲ್ಲಿ ಇಳಿದರೆ ಮಾಲ್ವಣ. ಇನ್ನೂ ಕೆಳಗೆ ಹೋದರೆ ಮುರುಡೇಶ್ವರ, ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ. ಬಹಳ ಸಂತೋಷ. ಆದರೆ ಇವರ ಸಾಮಾನಿನ ಚೀಲ ಬಿಚ್ಚಿ ನೋಡಿ. ದುಬಾರಿ ಕ್ಯಾಮರಾ ಇದೆ, ಬಣ್ಣಬಣ್ಣದ ಮಾಸ್ಕ್ ಇದೆ, ಅದಕ್ಕಿಂತ ಎಷ್ಟೋ ಅಗ್ಗದ ಕಂಪಾಸ್ ಮಾತ್ರ ಇಲ್ಲ! ಯಾಕೆ ಅಂತ ಕೇಳಿದರೆ ಒಂದೇ ಉತ್ತರ: "ಗೈಡ್ ಇದಾನಲ್ಲ ಮಾರಾಯ್ರೆ, ಅವನ ಹಿಂದೆ ಹೋದರಾಯ್ತು."

ಒಂದು ದಿನದ ಅನುಭವಕ್ಕೆ ಅಂತ ಬಂದು, ಸಿಲಿಂಡರ್ ಹಿಡಿಸಿಕೊಂಡು ಮೀನು ನೋಡಿ ಹೋಗುವವರ ಬಗ್ಗೆ ನನ್ನ ತಕರಾರಿಲ್ಲ. ನಾನು ಹೇಳುತ್ತಿರುವುದು ಓಪನ್ ವಾಟರ್ ಕಾರ್ಡು ಜೇಬಿನಲ್ಲಿ ಇಟ್ಟುಕೊಂಡವರ ಬಗ್ಗೆ. ಆ ಕಾರ್ಡಿನ ಅರ್ಥವೇ, ನಿಮ್ಮಷ್ಟೇ ಕಲಿತ ಜೊತೆಗಾರನೊಬ್ಬನಿದ್ದರೆ ಗೈಡ್ ಇಲ್ಲದೆ ಇಳಿಯಬಲ್ಲಿರಿ ಅಂತ. ಅದಕ್ಕೇ ಆ ಕೋರ್ಸಿನಲ್ಲಿ ಕಂಪಾಸ್ ಹಿಡಿದು ನೇರ ಗೆರೆಯಲ್ಲಿ ಈಜಿ ವಾಪಸ್ಸು ಬರುವ ಪಾಠ ಇಟ್ಟಿರುವುದು. ನಾನು ಕಲಿತ ಕಡೆ ಆರು ಜನರಿಗೆ ಇದ್ದದ್ದು ಒಂದೇ ಕಂಪಾಸ್. ಒಬ್ಬೊಬ್ಬರ ಕೈಗೂ ಎರಡು ನಿಮಿಷ ಕೊಟ್ಟು "ಆಯ್ತು, ಪಾಸ್" ಅಂದರು. ಕಾರ್ಡು ಆರೂ ಜನಕ್ಕೆ ಬಂತು. ಕಾಸು ಪೂರ್ತಿ, ಪಾಠ ಅರ್ಧ!

ಇದರಿಂದ ಏನು ಮಹಾ ನಷ್ಟ ಅನ್ನುತ್ತೀರಾ? ಲೆಕ್ಕ ಹಾಕಿ. ನೀರಿನಡಿಯಲ್ಲಿ ದಿಕ್ಕು 10 ಡಿಗ್ರಿ ತಪ್ಪಿ ನೂರು ಮೀಟರ್ ಈಜಿದರೆ, ಸೇರಬೇಕಾದ ಜಾಗದಿಂದ ಸುಮಾರು 17 ಮೀಟರ್ ಪಕ್ಕದಲ್ಲಿರುತ್ತೀರಿ. ಮಾಲ್ವಣದಲ್ಲಿ ನೀರು ಕದಡಿದ ದಿನ ಐದಾರು ಮೀಟರ್ ಆಚೆಗೆ ಏನೂ ಕಾಣುವುದಿಲ್ಲ. ಅಂದರೆ ದೋಣಿಯ ಲಂಗರಿನ ಹಗ್ಗದ ಪಕ್ಕದಲ್ಲೇ ಹಾದುಹೋದರೂ ಗೊತ್ತಾಗುವುದಿಲ್ಲ. ಗಾಳಿ ಮುಗಿಯುತ್ತಾ ಬಂದಾಗ ಎಲ್ಲೋ ಮೇಲೆದ್ದರೆ ಸೆಳೆತ ಒಂದು ಕಡೆ, ಬೇರೆ ದೋಣಿಗಳ ಪ್ರೊಪೆಲ್ಲರ್ ಇನ್ನೊಂದು ಕಡೆ. ಇನ್ನು ಗೈಡ್? ಪಾಪ, ಅವನೊಬ್ಬ, ನೀವು ಆರು ಜನ. ಯಾರದೋ ಮಾಸ್ಕಿಗೆ ನೀರು ನುಗ್ಗಿ ಅವನು ಅತ್ತ ತಿರುಗಿದನೆಂದರೆ, ಉಳಿದ ಐವರ ದಿಕ್ಕು ದೇವರಿಗೇ ಪ್ರೀತಿ.

"ಮೊಬೈಲಿನಲ್ಲಿ ಜಿಪಿಎಸ್ ಇದೆಯಲ್ಲ" ಅನ್ನುವ ಬುದ್ಧಿವಂತರಿಗೂ ಒಂದು ಮಾತು. ಜಿಪಿಎಸ್‌ನ ರೇಡಿಯೋ ಅಲೆ ಸಮುದ್ರದ ನೀರಿನೊಳಗೆ ಇಳಿಯುವುದೇ ಇಲ್ಲ. ಡೈವ್ ಕಂಪ್ಯೂಟರಿನಲ್ಲಿ ಬರುವ ಎಲೆಕ್ಟ್ರಾನಿಕ್ ಕಂಪಾಸ್ ಒಳ್ಳೆಯದೇ. ಆದರೆ ಬ್ಯಾಟರಿ ಬದಲಿಸಿದ ಮೇಲೆ ಹಲವು ಮಾದರಿಗಳನ್ನು ಮತ್ತೆ ಹೊಂದಿಸಬೇಕು. ಮುಳ್ಳಿನ ಕಂಪಾಸಿಗೆ ಬ್ಯಾಟರಿಯ ಹಂಗೇ ಇಲ್ಲ.

ಹಾಗಂತ ಸಿಕ್ಕಿದ್ದನ್ನು ಕೊಳ್ಳಬೇಡಿ. ಭೂಮಿಯ ಕಾಂತಶಕ್ತಿ ಮುಳ್ಳನ್ನು ಉತ್ತರಕ್ಕೆ ಮಾತ್ರ ಎಳೆಯುವುದಲ್ಲ, ಕೆಳಕ್ಕೂ ಬಾಗಿಸುತ್ತದೆ. ಲಂಡನ್ನಿನಲ್ಲಿ ಈ ಬಾಗು ಸುಮಾರು 66 ಡಿಗ್ರಿ, ಮುಂಬಯಿಯಲ್ಲಿ ಸುಮಾರು 25. ಭಾರತದ ದಕ್ಷಿಣ ತುದಿಯ ಹತ್ತಿರ ಅದು ಸೊನ್ನೆ. ತುಂಬಾದಲ್ಲಿ 1963ರಲ್ಲಿ ರಾಕೆಟ್ ಉಡಾಯಿಸಲು ಜಾಗ ಆರಿಸಿದ್ದು ಇದೇ ಕಾರಣಕ್ಕೆ. ಸಿಡ್ನಿಯಲ್ಲಿ ಬಾಗು ತಿರುಗಾಮುರುಗಾ. ಆದ್ದರಿಂದ ಆಸ್ಟ್ರೇಲಿಯಾದಲ್ಲಿರುವ ಭಾವ ಪ್ರೀತಿಯಿಂದ ತಂದುಕೊಟ್ಟ ದಕ್ಷಿಣಾರ್ಧಗೋಳದ ಕಂಪಾಸು ಇಲ್ಲಿ ಸಿಕ್ಕಿಹಾಕಿಕೊಂಡು ಸುಳ್ಳು ಹೇಳಬಹುದು. ನಮಗೆ ಬೇಕಾದ್ದು ಉತ್ತರಾರ್ಧಗೋಳದ್ದು, ಇಲ್ಲವೇ ಎಲ್ಲೆಡೆ ನಡೆಯುವಂಥದ್ದು. ಸುಂಟೋ ಎಸ್‌ಕೆ-8ರಂತೆ 30 ಡಿಗ್ರಿ ವಾಲಿಸಿದರೂ ಮುಳ್ಳು ಸಲೀಸಾಗಿ ತಿರುಗಬೇಕು. ಅಂಗಡಿಯಲ್ಲೇ ವಾಲಿಸಿ ನೋಡಿ. ಒಳಗೆ ಎಣ್ಣೆ ತುಂಬಿರಬೇಕು, ಗುಳ್ಳೆ ಇರಬಾರದು. ಅಂಕಿ ಓದಲು ಪಕ್ಕದಲ್ಲಿ ಕಿಟಕಿ ಇರಲಿ, ಕತ್ತಲಲ್ಲಿ ಹೊಳೆಯಲಿ. ತಿರುಗುವ ಬಳೆ ಗಟ್ಟಿಯಾಗಿರಲಿ.

ಬಳಸುವುದು ಬ್ರಹ್ಮವಿದ್ಯೆಯಲ್ಲ. ಕಂಪಾಸನ್ನು ಮಟ್ಟಸವಾಗಿ ಎದೆಯ ಮುಂದೆ ಹಿಡಿಯಿರಿ. ನಡುವಿನ ಗೆರೆ ನಿಮ್ಮ ಮೈಯ ನೇರಕ್ಕೆ ಇರಬೇಕು. ಹೋಗಬೇಕಾದ ಕಡೆಗೆ ಗೆರೆ ತೋರಿಸಿ, ಮುಳ್ಳು ನಿಂತ ಮೇಲೆ ಬಳೆಯ ಎರಡು ಗುರುತುಗಳ ನಡುವೆ ಮುಳ್ಳಿನ ಉತ್ತರ ತುದಿ ಬರುವಂತೆ ತಿರುಗಿಸಿ. ಆಮೇಲೆ ಮುಳ್ಳು ಆ ಗೂಡು ಬಿಡದಂತೆ ಈಜಿ. ವಾಪಸ್ಸು ಬರಲು ಬಳೆ ಮುಟ್ಟಬೇಡಿ, ಮುಳ್ಳಿನ ತುದಿ ಗುರುತಿಗೆ ಸರಿಯಾಗಿ ಎದುರು ಬರುವವರೆಗೆ ನೀವೇ ತಿರುಗಿ. ದೂರಕ್ಕೆ ಕಾಲಿನ ಬಡಿತ ಎಣಿಸಿ. ನೆನಪಿರಲಿ, ಕಂಪಾಸು ದಿಕ್ಕು ಹೇಳುತ್ತದೆ, ಜಾಗ ಹೇಳುವುದಿಲ್ಲ. ಅರ್ಧ ನಾಟ್ ಅಡ್ಡ ಸೆಳೆತವಿದ್ದರೂ ನಿಮಿಷಕ್ಕೆ 15 ಮೀಟರ್ ಪಕ್ಕಕ್ಕೆ ಒಯ್ಯುತ್ತದೆ.

ಕಬ್ಬಿಣದ ಸಹವಾಸವೂ ಬೇಡ. ಸ್ಟೀಲ್ ಸಿಲಿಂಡರ್, ಆಯಸ್ಕಾಂತದ ಸ್ವಿಚ್ಚಿನ ಟಾರ್ಚು, ಮುಳುಗಿದ ಹಡಗು ಎಲ್ಲವೂ ಮುಳ್ಳನ್ನು ದಾರಿ ತಪ್ಪಿಸುತ್ತವೆ. ಮುಂಬಯಿಗೆ ವಿದ್ಯುತ್ ಟ್ರಾಮ್ ಬರುತ್ತದೆಂದು ಗೊತ್ತಾದಾಗ ಕೊಲಾಬಾದ ಕಾಂತೀಯ ವೀಕ್ಷಣಾಲಯದ ಕೆಲಸವನ್ನೇ 1904ರಲ್ಲಿ ಅಲಿಬಾಗಿಗೆ ಒಯ್ಯಲು ಶುರುಮಾಡಿದರು! ಅಷ್ಟು ಸೂಕ್ಷ್ಮ ಅದು.

"ನೀರಿಗಿಳಿಯದೆ ಅಭ್ಯಾಸ ಹೇಗೆ?" ಅನ್ನಬೇಡಿ. ಶಿವಾಜಿ ಪಾರ್ಕಿಗೆ ಹೋಗಿ, ಮುಂದೆ ಏನೂ ಕಾಣದಂತೆ ತಲೆ ಮೇಲೆ ಟವೆಲು ಹೊದ್ದು, ಕಂಪಾಸ್ ನೋಡಿಕೊಂಡು ಮೂವತ್ತು ಹೆಜ್ಜೆ ನಡೆಯಿರಿ, ಹಾಗೇ ವಾಪಸ್ಸು ಬನ್ನಿ. ನಾಲ್ಕು ಜನ ನಗಲಿ, ನಗುವಿಗೆ ಕಾಸಿಲ್ಲ. ಮುಂದಿನ ಸಲ ಡೈವಿಂಗ್ ಸೆಂಟರಿಗೆ ದುಡ್ಡು ಕಟ್ಟುವ ಮೊದಲು "ಒಬ್ಬೊಬ್ಬರಿಗೂ ಒಂದೊಂದು ಕಂಪಾಸ್ ಕೊಡುತ್ತೀರಾ, ಪಾಠ ಪೂರ್ತಿ ಮಾಡಿಸುತ್ತೀರಾ" ಅಂತ ಕೇಳಿ. ನಾವು ಕೇಳದಿದ್ದರೆ ಅವರೇಕೆ ಕೊಡುತ್ತಾರೆ ಹೇಳಿ? ಫೋಟೋ, ವಿಡಿಯೋ ಫ್ರೀ ಇದೆಯಾ ಅಂತ ಮಾತ್ರ ಕೇಳುವ ಗಿರಾಕಿಗೆ ಫೋಟೋ, ವಿಡಿಯೋ ಮಾತ್ರ ಸಿಗುತ್ತದೆ.