ಹೊಂದಿಕೊಳ್ಳಬೇಕಾದವರು ಯಾರು?

‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂಬ ಮಾತು ನಮ್ಮ ಹೆಂಗಸರಿಗೆ ಹೊಸದಲ್ಲ. ಮಂಡ್ಯದ ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವರು ಬಂದಾಗ ಕೇಳಿದ್ದೇವೆ, ಗಂಡನ ಮನೆಗೆ ಬಂದ ಹೊಸದರಲ್ಲಿ ಕೇಳಿದ್ದೇವೆ, ನೌಕರಿಯಲ್ಲಿ ವರ್ಗವಾದಾಗ ಕೇಳಿದ್ದೇವೆ. ಐವತ್ತು ದಾಟಿದ ಮೇಲೆ ಕಂಪ್ಯೂಟರಿನ ದೆಸೆಯಿಂದಲೂ ಅದನ್ನೇ ಕೇಳಬೇಕಾದೀತೆಂದು ಮಾತ್ರ ನಾನು ಎಣಿಸಿರಲಿಲ್ಲ.

ಆದದ್ದಿಷ್ಟು. ಒಂದು ಶನಿವಾರ ಅಂಗಡಿಯ ಹುಡುಗ ಬಂದು ಶಾಲೆಯ ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಅಳಿಸಿ ವಿಂಡೋಸ್ 11 ಹಾಕಿ ಹೋದ. ಸೋಮವಾರ ಸಂಜೆಯೊಳಗೆ ಹತ್ತನೇ ತರಗತಿ ಮಕ್ಕಳ ಹೆಸರಿನ ತಿದ್ದುಪಡಿ ಪಟ್ಟಿ ಹೋಗಬೇಕು. ಕಂಪ್ಯೂಟರ್ ತೆರೆದರೆ ಎಡಮೂಲೆಯ ಸ್ಟಾರ್ಟ್ ಗುಂಡಿ ನಡುಮನೆಗೆ ಬಂದು ಕೂತಿದೆ! ಪೆನ್‌ಡ್ರೈವಿನಲ್ಲಿದ್ದ ಪಟ್ಟಿಯನ್ನು ತೆಗೆದರೆ ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಕನ್ನಡವೆಲ್ಲ ಕಾಗೆ ಕಾಲು, ಗುಬ್ಬಿ ಕಾಲು. ಬಲಗುಂಡಿ ಒತ್ತಿದರೆ ನನಗೆ ಗೊತ್ತಿದ್ದ ಉದ್ದನೆಯ ಪಟ್ಟಿಯ ಜಾಗದಲ್ಲಿ ಇನ್ನೇನೋ. ಸಂಬಂಧಪಟ್ಟವರಿಗೆ ಫೋನು ಮಾಡಿದೆ. ‘ಅಷ್ಟೂ ಗೊತ್ತಾಗಲ್ವಾ ಮೇಡಂ? ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದು ಆ ಕಡೆಯವರು ಫೋನಿಟ್ಟರು.

ಸಂಜೆ ಒಬ್ಬ ರೈತರು ಗದ್ದೆಯಿಂದ ನೇರವಾಗಿ, ಕಾಲಿನ ಕೆಸರೂ ಒಣಗದ ಹಾಗೆ, ಬಾಗಿಲಲ್ಲಿ ನಿಂತರು. ‘ನಮ್ ಮಗೀನ್ ಹೆಸ್ರು ಸರ್ಯಾಗೈತಾ ಮೇಡಮ್ಮೋರೆ?’ ಆ ಹುಡುಗಿಯ ಇನಿಷಿಯಲ್ ತಪ್ಪಿತ್ತು. ಅಂಕಪಟ್ಟಿಯಲ್ಲಿ ಒಂದಕ್ಷರ ತಪ್ಪಿದರೆ ಮುಂದೆ ಜಾತಿ ಸರ್ಟಿಫಿಕೇಟು, ಸ್ಕಾಲರ್‌ಷಿಪ್ಪು, ನೌಕರಿ ಎಲ್ಲಕ್ಕೂ ತೊಡಕು ಎಂದು ಅವರಿಗೆ ಚೆನ್ನಾಗಿ ಗೊತ್ತು. ‘ಆಗ್ತದೆ, ಇರಿ’ ಎಂದೆ. ನನಗೇ ಧೈರ್ಯವಿರಲಿಲ್ಲ. ಕಡೆಗೆ ದಾಖಲಾತಿ ಪುಸ್ತಕ ಮುಂದಿಟ್ಟುಕೊಂಡು ಅಷ್ಟೂ ಹೆಸರನ್ನು ಹೊಸದಾಗಿ ಟೈಪು ಮಾಡಿ ಕಳಿಸುವಾಗ ರಾತ್ರಿ ಎಂಟಾಗಿತ್ತು.

ಆಮೇಲೆ ನಾನು ಕಲಿತದ್ದನ್ನು ನಿಮಗೂ ಹೇಳಿಬಿಡುತ್ತೇನೆ, ಫೋನು ಮಾಡಿ ಅನ್ನಿಸಿಕೊಳ್ಳುವುದು ಬೇಡ. ಕೆಳಗಿನ ಪಟ್ಟಿಯ ಖಾಲಿ ಜಾಗದಲ್ಲಿ ಬಲಗುಂಡಿ ಒತ್ತಿ ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ಗೆ ಹೋಗಿ, ಬಿಹೇವಿಯರ್ಸ್ ಎಂಬಲ್ಲಿ ಅಲೈನ್‌ಮೆಂಟನ್ನು ಲೆಫ್ಟ್ ಮಾಡಿದರೆ ಸ್ಟಾರ್ಟ್ ಗುಂಡಿ ತೆಪ್ಪಗೆ ತನ್ನ ಮೂಲೆಗೆ ಹೋಗುತ್ತದೆ. ಬಲಗುಂಡಿಯ ಹಳೆಯ ಪಟ್ಟಿ ಬೇಕಾದರೆ ಶಿಫ್ಟ್ ಹಿಡಿದು ಒತ್ತಿ. ಫೈಲುಗಳು ಎಲ್ಲಿ ಎಂದು ತಡಕಾಡುವ ಬದಲು ವಿಂಡೋಸ್ ಕೀಲಿಯ ಜೊತೆ ‘ಇ’ ಒತ್ತಿ. ಹಳೆಯ ನುಡಿ ಫೈಲುಗಳಿಗೆ ಅದೇ ಫಾಂಟನ್ನು ಮತ್ತೆ ಹಾಕಿಸಬೇಕು, ಇಲ್ಲವೇ ಯೂನಿಕೋಡಿಗೆ ಬದಲಾಯಿಸಬೇಕು. ಬದಲಾಯಿಸುವುದೇ ಮೇಲು; ಮುಂದಿನ ಸಲ ಈ ಕಾಗೆ ಕಾಲಿನ ಕಾಟವಿರುವುದಿಲ್ಲ. ಇಷ್ಟು ಕಲಿಯಲು ನನಗೆ ಹಿಡಿದದ್ದು ಅರ್ಧ ಗಂಟೆ. ಆ ಅರ್ಧ ಗಂಟೆಯನ್ನು ಶನಿವಾರವೇ ಕೊಡಬಹುದಿತ್ತಲ್ಲ ಎಂಬುದೇ ನನ್ನ ಜಗಳ.

ಅಷ್ಟಕ್ಕೂ ಹೊಸದೆಂದರೆ ನಮಗೆ ಹೆದರಿಕೆಯೆ? ವಿ.ಸಿ. ಫಾರಂ ನೆಲದಲ್ಲಿ ನಿಂತು ಯಾರೂ ಆ ಮಾತಾಡಬಾರದು. ರಾಗಿ ಲಕ್ಷ್ಮಣಯ್ಯನವರು ನಮ್ಮ ದೇಶದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟದ್ದು ಈ ಫಾರಂನಲ್ಲೇ. ಹೆಸರಲ್ಲೇ ಎರಡೂ ಇವೆ. ಆದರೆ ಹೊಸ ತಳಿ ಬರುವ ರೀತಿ ನೋಡಿ. ಮೊದಲು ಇಲ್ಲಿನ ತಾಕುಗಳಲ್ಲಿ ಬೆಳೆದು ನೋಡುತ್ತಾರೆ, ಆಮೇಲೆ ರೈತರ ಹೊಲದಲ್ಲಿ ನೋಡುತ್ತಾರೆ, ಕ್ಷೇತ್ರೋತ್ಸವ ಮಾಡಿ ಕರೆದು ತೋರಿಸುತ್ತಾರೆ. ರೈತ ಒಂದು ಮಗ್ಗುಲಿಗೆ ಹೊಸದನ್ನು ಹಾಕಿ, ಉಳಿದದ್ದಕ್ಕೆ ಹಳೆಯದನ್ನೇ ಬಿತ್ತಿ, ಒಂದು ಬೆಳೆ ಕಂಡು ಮುಂದುವರಿಯುತ್ತಾನೆ. ರಾತ್ರೋರಾತ್ರಿ ಕಣಜಕ್ಕೆ ನುಗ್ಗಿ ಹಳೆಯ ಬೀಜವನ್ನು ಹೊತ್ತುಕೊಂಡು ಹೋಗಿ ‘ಅಡ್ಜಸ್ಟ್ ಮಾಡ್ಕೊಳ್ಳಿ’ ಅಂದಿದ್ದರೆ ನಮ್ಮ ಮಂಡ್ಯದವರು ಸುಮ್ಮನಿರುತ್ತಿದ್ದರೆ?

ಗೊಣಗುವವರು ದಡ್ಡರು ಎಂಬುದೂ ಸುಳ್ಳು. 1995ರಿಂದ ಇದ್ದ ಸ್ಟಾರ್ಟ್ ಗುಂಡಿಯನ್ನು 2012ರಲ್ಲಿ ವಿಂಡೋಸ್ 8 ಬಂದಾಗ ಮೈಕ್ರೋಸಾಫ್ಟ್‌ನವರು ಕಿತ್ತೇ ಹಾಕಿದ್ದರು. ಲೋಕವೆಲ್ಲ ಬೈದ ಮೇಲೆ 2013ರಲ್ಲಿ 8.1ರ ಜೊತೆ ಅದನ್ನು ವಾಪಸು ತಂದರು. 11 ಬಂದಾಗ ಬಲಗುಂಡಿಯ ಪಟ್ಟಿಯಲ್ಲಿ ಕಟ್, ಕಾಪಿ ಎಂಬ ಹೆಸರು ತೆಗೆದು ಬರಿಯ ಚಿತ್ರ ಇಟ್ಟರು. 2024ರಲ್ಲಿ ಚಿತ್ರದ ಕೆಳಗೆ ಹೆಸರನ್ನೂ ಹಾಕಿದರು. ಹಾಗಾದರೆ ಆ ಚಿತ್ರ ನನಗೆ ತಿಳಿಯದಿದ್ದದ್ದು ನನ್ನ ವಯಸ್ಸಿನ ತಪ್ಪೋ, ಅದನ್ನು ಬರೆದವರ ತಪ್ಪೋ?

ಮನೆಯ ಕಂಪ್ಯೂಟರಿನದು ಬೇರೆಯೇ ಕತೆ. ಅದು ಗಟ್ಟಿಮುಟ್ಟಾಗಿದೆ, ಆದರೆ 11ಕ್ಕೆ ಬೇಕಾದ ಟಿ.ಪಿ.ಎಂ. 2.0 ಎಂಬ ಭದ್ರತೆಯ ಏರ್ಪಾಡು ಅದರಲ್ಲಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲು ಬೆಂಬಲ ಮುಗಿಯಿತು. ‘ಗುಜರಿಗೆ ಹಾಕಿ, ಹೊಸದು ತಗೊಳ್ಳಿ’ ಎಂದ ಅಂಗಡಿಯವನು. ಭದ್ರತೆಯ ಮಾತು ಸುಳ್ಳೆಂದು ನಾನು ಹೇಳುವುದಿಲ್ಲ; ಬ್ಯಾಂಕಿನ ವ್ಯವಹಾರ ಮಾಡುವವರು ಬೆಂಬಲವಿಲ್ಲದ ಕಂಪ್ಯೂಟರನ್ನು ನಂಬಬಾರದು. ಆದರೆ ಗುಜರಿಯೊಂದೇ ದಾರಿಯಲ್ಲ. ಕಾಸರಗೋಡಿನ ಕನ್ನಡ ಶಾಲೆಗಳೂ ಸೇರಿದ ಹಾಗೆ ಕೇರಳದ ಸರ್ಕಾರಿ ಶಾಲೆಗಳಲ್ಲಿ ಎಷ್ಟೋ ವರ್ಷದಿಂದ ಲಿನಕ್ಸ್ ನಡೆಯುತ್ತಿದೆ. ಕಾಸು ಕೊಡಬೇಕಾಗಿಲ್ಲ, ಹಳೆಯ ಯಂತ್ರದಲ್ಲೂ ಓಡುತ್ತದೆ, ಅಲ್ಲಿನ ಟೀಚರುಗಳಿಗೆ ಅದರ ತರಬೇತಿಯೂ ಇದೆ. ಮಗನ ಕೈಲಿ ನಮ್ಮದಕ್ಕೂ ಅದನ್ನೇ ಹಾಕಿಸಿದ್ದೇನೆ. ಅಭ್ಯಾಸಕ್ಕೆ ಎರಡು ವಾರ ಹಿಡಿಯಿತು. ಅದಕ್ಕೆ ನಾನು ಬೇಸರಪಡಲಿಲ್ಲ, ಏಕೆಂದರೆ ಆ ಎರಡು ವಾರವನ್ನು ಆರಿಸಿಕೊಂಡವಳು ನಾನು.

ಶಾಲೆಯ ಕಂಪ್ಯೂಟರಿನ ಪಕ್ಕದ ಗೋಡೆಗೆ, ಮೇಲೆ ಹೇಳಿದ್ದನ್ನೆಲ್ಲ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದೇನೆ. ಅದರ ಕೆಳಗೆ ಒಂದು ಸಾಲು ಕೆಂಪು ಶಾಯಿಯಲ್ಲಿದೆ: ‘ಮುಂದೆ ಏನೇ ಹೊಸದು ಹಾಕುವುದಿದ್ದರೂ ಬೇಸಿಗೆ ರಜೆಯಲ್ಲಿ, ನಮ್ಮನ್ನು ಕರೆದು ಕೂರಿಸಿ, ಕನ್ನಡದಲ್ಲಿ ಹೇಳಿಕೊಟ್ಟು ಹಾಕತಕ್ಕದ್ದು.’ ಅಂಗಡಿಯ ಹುಡುಗ ಮೊನ್ನೆ ಬಂದವನು ಓದಿ ನಕ್ಕ. ಕಿತ್ತುಹಾಕಲಿಲ್ಲ.